ದೊಡ್ಡವ್ವನ ಪಾಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನನ್ನೊಬ್ಬಳ ಮುಂದೆ ಮಾತ್ರ ಎರಡು ತಟ್ಟೆ ಇಡುತ್ತಿದ್ದರು. ಒಂದು ನನ್ನದು, ಇನ್ನೊಂದು ದೊಡ್ಡವ್ವನದು. ದೊಡ್ಡವ್ವ ನಾನು ಹುಟ್ಟುವುದಕ್ಕೆ ಐದಾರು ವರ್ಷ ಮೊದಲೇ ಸತ್ತುಹೋಗಿದ್ದಳು. ಅವ್ವ ಮೊದಲು ಅವಳ ತಟ್ಟೆಗೆ ಬಡಿಸಿ, ಆಮೇಲೆ ನನ್ನ ತಟ್ಟೆಗೆ ಬಡಿಸಿ, ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ನೋಡುತ್ತಾ, "ಉಣ್ಣಕ್ಕಾ. ನಿಂದು ನೀನು ಉಣ್ಣು, ನನ್ನ ಕೂಸಿಂದು ಕೂಸಿಗೆ ಬಿಡು" ಅನ್ನುತ್ತಿದ್ದಳು. ಆ ತಟ್ಟೆಯ ಕಡೆ ನೋಡದೆ ಉಣ್ಣುವುದನ್ನು ನಾನು ಕಲಿತಿದ್ದೆ. ನೋಡಿದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳದೆ ಇದ್ದದ್ದರಿಂದಲೇ ಹೆದರಿಕೆ ಹೆಚ್ಚು.

ದೊಡ್ಡವ್ವ ಎಂದರೆ ಅಪ್ಪನ ಮೊದಲ ಹೆಂಡತಿ, ಅವ್ವನ ಸ್ವಂತ ಅಕ್ಕ. ಅವಳು ಕಾಯಿಲೆ ಬಿದ್ದಾಗ ನೋಡಿಕೊಳ್ಳಲೆಂದು ತವರಿನವರು ತಂಗಿಯನ್ನು ಕಳಿಸಿದ್ದರು. ಅಕ್ಕ ಹೋದಳು, ತಂಗಿ ಉಳಿದಳು. ವರ್ಷ ಕಳೆದ ಮೇಲೆ ಅವಳನ್ನೇ ಅಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಆಗ ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಎರಡನೆಯವಳಾಗಿ ಬಂದ ಹೆಂಗಸು ತೀರಿಹೋದ ಮೊದಲನೆಯವಳ ಹೆಸರಿನಲ್ಲಿ ತಾಳಿಯ ಜೊತೆ ಒಂದು ಪುಟ್ಟ ಪದಕ ಕಟ್ಟಿಕೊಳ್ಳಬೇಕು, ಹೊಸ ಸೀರೆ ತಂದರೆ ಮೊದಲು ಅವಳ ಹೆಸರಿಗೆ ಇಟ್ಟು ಆಮೇಲೆ ಉಡಬೇಕು. ಅವ್ವನ ಕೊರಳಲ್ಲೂ ಆ ಪದಕವಿತ್ತು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಅದು ಜೋತಾಡಿ ನನ್ನ ಹಣೆಗೆ ತಾಕುತ್ತಿತ್ತು. ನಾನು ತಲೆ ಸರಿಸಿಕೊಳ್ಳುತ್ತಿದ್ದೆ.

ನಮ್ಮದು ತುರುವನೂರಿನ ಕಡೆಯ ಎರೆ ಹೊಲದ ಊರು. ಮನೆಯಲ್ಲಿ ಕುರಿ ಹಿಂಡಿತ್ತು, ಎಮ್ಮೆಯಿತ್ತು. ಜೋಳದ ಹೊಲದ ಒಂದು ಮಗ್ಗುಲಿಗೆ ಅಪ್ಪ ಮನೆಗಾಗುವಷ್ಟು ಗೋಧಿ ಹಾಕುತ್ತಿದ್ದ. ಗೋಧಿ ಎಂದರೆ ಆಗ ದಿನದ ಊಟವಲ್ಲ. ನೆನೆಸಿ, ಕುಟ್ಟಿ, ತೌಡು ತೆಗೆದು, ಬೆಲ್ಲ ಹಾಕಿ ಬೇಯಿಸಿ ಹುಗ್ಗಿ ಮಾಡಿ, ಮೇಲೆ ಹಾಲು ಸುರಿದುಕೊಂಡು ಉಣ್ಣುವುದು. ನೆಂಟರಿಗೆ, ಹಬ್ಬಕ್ಕೆ, ಬಾಣಂತಿಗೆ, ಸೊರಗಿದವರಿಗೆ. ಆ ಸೊರಗಿದವರ ಸಾಲಿನಲ್ಲಿ ಖಾಯಂ ಆಗಿ ಕುಳಿತವಳು ನಾನು.

ನಾನು ಉಣ್ಣದೆ ಸೊರಗಿದವಳಲ್ಲ. ಹೊಲದ ಆಳಿನಷ್ಟು ಉಣ್ಣುತ್ತಿದ್ದೆ. ಆದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಬಾಯೊಳಗೆ ಯಾವಾಗಲೂ ಹುಣ್ಣು. ವಾರಕ್ಕೊಮ್ಮೆಯಾದರೂ ಭೇದಿ. ನನ್ನ ವಾರಿಗೆಯವರು ಲಂಗ ಬಿಟ್ಟು ಸೀರೆಗೆ ಬರುವ ಹೊತ್ತಿಗೂ ನಾನು ಅಕ್ಕಪಕ್ಕದವರ ಕಣ್ಣಿಗೆ ಐದಾರು ವರ್ಷದ ಹುಡುಗಿಯೇ. ಮೊದಮೊದಲು ಹುಳ ಎಂದರು, ಬೇವಿನ ರಸ ಕುಡಿಸಿದರು. ದೃಷ್ಟಿ ಎಂದರು, ಮೆಣಸಿನಕಾಯಿ ಸುಟ್ಟರು. ಕೊನೆಗೆ ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಕಣಿ ಹೇಳುವ ಮುದುಕಿಯೊಬ್ಬಳನ್ನು ಕರೆಸಿದಳು. ಅವಳು ನನ್ನ ಅಂಗೈ ನೋಡಲಿಲ್ಲ, ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕುಳಿತಳು.

"ಈ ಮನೇಲಿ ಹಸ್ಕೊಂಡು ಹೋದೋಳು ಒಬ್ಳು ಅವ್ಳೆ" ಅಂದಳು. "ಕೂಸು ಉಣ್ಣೋದೆಲ್ಲ ಅವಳ ಬಾಯಿಗೆ ಹೋಗ್ತೈತೆ."

ಅಜ್ಜಿ ಹಣೆ ಚಚ್ಚಿಕೊಂಡಳು. ಹೌದಲ್ಲ, ಅವಳೇ! ಸ್ವಾತಂತ್ರ್ಯ ಬಂದ ವರ್ಷ ಊರಲ್ಲಿ ಬಾವುಟ ಏರಿಸಿ, ಜೈಲಿಗೆ ಹೋಗಿ ಬಂದವರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ, ಊರಿಗೆ ಊರೇ ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ಬೇಯಿಸಿ ಉಂಡಿತ್ತಂತೆ. ದೊಡ್ಡವ್ವ ಎರಡು ಸಲ ಬಡಿಸಿಕೊಂಡಳಂತೆ. ಮನೆಗೆ ಬಂದು ಮಲಗಿದವಳು ಮತ್ತೆ ನೆಟ್ಟಗೆ ಏಳಲಿಲ್ಲ. "ತಟ್ಟೆ ತುಂಬ ಉಣ್ಣೋಳು, ಮೈಯಾಗೆ ಹಿಡಿ ಮಾಂಸ ಇರ್ಲಿಲ್ಲ" ಎಂದು ಅಜ್ಜಿ ಹೇಳುತ್ತಿದ್ದಳು. "ಎಲ್ಡು ಸಲ ಹೊಟ್ಟೆ ನಿಂತು ಜಾರಿಹೋತು. ಆಸೆ ತೀರ್ಲಿಲ್ಲ ಅವಳಿಗೆ. ಹಾಲು ಹುಗ್ಗಿಗೆ ಬಾಯಿ ಬಿಟ್ಕೊಂಡೇ ಹೋದ್ಲು."

ಮದ್ದು ಏನೆಂದರೆ, ಅವಳ ಆಸೆ ತೀರಿಸುವುದು. ದಿನವೂ ನನ್ನ ಊಟದ ಜೊತೆ ಅವಳ ಪಾಲು ಇಡುವುದು. ಪ್ರತಿ ಅಮಾವಾಸ್ಯೆಗೂ ಅವಳ ಹೆಸರಿನಲ್ಲಿ ಹುಗ್ಗಿ ಮಾಡಿ, ಎಮ್ಮೆಯ ಗಟ್ಟಿ ಹಾಲು ಸುರಿದು ಎಡೆ ಇಡುವುದು. ಅವಳು ಕಣ್ಣಲ್ಲಿ ಉಂಡು ತಣಿದ ಮೇಲೆ ಆ ಎಡೆಯನ್ನು ನಾನೇ ಉಣ್ಣಬೇಕು. ಆಗ ಕಸಿದುಕೊಂಡದ್ದನ್ನು ವಾಪಸು ಕೊಡುತ್ತಾಳೆ.

ನಾನು ಉಣ್ಣುತ್ತಿದ್ದೆ. ಸುಳ್ಳೇಕೆ, ಹುಗ್ಗಿ ಬಲು ರುಚಿಯಾಗಿರುತ್ತಿತ್ತು. ಹೊತ್ತು ಇಳಿಯುವುದರೊಳಗೆ ಹೊಟ್ಟೆ ತಮಟೆಯ ಹಾಗೆ ಬಿಗಿದು, ಚೊಂಬು ಹಿಡಿದು ಹಿತ್ತಲಿಗೆ ಓಡುತ್ತಿದ್ದೆ. ಅಜ್ಜಿ ನಡುಮನೆಯಲ್ಲಿ ಕುಳಿತು ಎಲೆ ಅಡಿಕೆ ಜಗಿಯುತ್ತಾ, "ಬಂದ್ಲು ನೋಡು, ಉಂಡ್ಲು, ಹೋದ್ಲು" ಅನ್ನುತ್ತಿದ್ದಳು. ಅವಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನನಗೂ ಬೇಕಿರಲಿಲ್ಲ. ಹೊಟ್ಟೆಯೊಳಗೆ ಗುಡುಗುಡು ಸದ್ದಾದಾಗಲೆಲ್ಲ ಒಳಗೆ ಒಬ್ಬ ಹೆಂಗಸು ಕಾಲು ಮಡಚಿ ಕುಳಿತು ಮಗ್ಗುಲು ಬದಲಿಸುತ್ತಿದ್ದಾಳೆ ಅನ್ನಿಸುತ್ತಿತ್ತು. ಅವಳ ಮುಖ ನಾನು ನೋಡಿರಲಿಲ್ಲ, ಅವಳದೊಂದು ಫೋಟೋ ಇರಲಿಲ್ಲ. ಹಾಗಾಗಿ ಅವ್ವನ ಮುಖವನ್ನೇ ಒಣಗಿಸಿ ಅವಳಿಗೆ ಅಂಟಿಸಿಕೊಂಡಿದ್ದೆ. ಅವ್ವ ಹಸಿದು ಸುಸ್ತಾಗಿ ಹೊಲದಿಂದ ಬಂದ ದಿನಗಳಲ್ಲಿ ಅವಳ ಹತ್ತಿರ ಹೋಗಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಶಾಲೆಗೆ ಸೇರಿದರೆ ಅಲ್ಲಿಯೂ ಗೋಧಿ, ಅಲ್ಲಿಯೂ ಹಾಲು. ಅಮೆರಿಕದಿಂದ ಬಂದದ್ದಂತೆ, ಮೂಟೆಗಟ್ಟಲೆ ಗೋಧಿ ನುಚ್ಚು, ಡಬ್ಬದಲ್ಲಿ ಹಾಲಿನ ಪುಡಿ. ಮಧ್ಯಾಹ್ನ ಉಪ್ಪಿಟ್ಟು, ಮೇಲೆ ಕಲಸಿದ ಹಾಲು. ನಮ್ಮ ಮೇಷ್ಟರು ಒಳ್ಳೆಯವರು. ನನ್ನ ತೋಳು ಹಿಡಿದು ನೋಡಿ, "ಏನವ್ವ, ಗಾಳಿ ಬಂದ್ರೆ ಹಾರಿಹೋಗ್ತೀಯಲ್ಲ" ಎಂದು ಎಲ್ಲರಿಗೂ ಒಂದು ಸೌಟಾದರೆ ನನಗೆ ಎರಡು ಹಾಕಿಸುತ್ತಿದ್ದರು. ಕನಿಕರದಿಂದ ಹಾಕಿದ ಆ ಎರಡನೆಯ ಸೌಟನ್ನು ನಾನು ಈಗಲೂ ಮರೆತಿಲ್ಲ.

ಒಂದು ಬೇಸಿಗೆಯಲ್ಲಿ ಅಜ್ಜಿಗೆ ಸಿಡುಬು ತಗುಲಿದಂತಾಗಿ, ಹುಡುಗಿಗೂ ಅಂಟೀತೆಂದು ನನ್ನನ್ನು ಅವ್ವನ ತವರಿಗೆ ಕಳಿಸಿದರು. ಅದು ಹೊಳಲ್ಕೆರೆ ದಾಟಿ ರಾಮಗಿರಿಯ ಹತ್ತಿರ, ರೈಲು ಹಳಿಯ ಆಚೆ ಬದಿ. ನಮ್ಮ ಮಾವ, ಅಂದರೆ ಅವ್ವನ ಅಣ್ಣ, ಬಡವ. ಮನೆಯಲ್ಲಿ ಗೋಧಿಯ ಹೆಸರಿಲ್ಲ. ಎಮ್ಮೆ ಬತ್ತಿತ್ತು. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ನವಣೆ ಅನ್ನ, ಸಂಜೆ ಮುದ್ದೆ, ಹುರುಳಿ ಸಾರು. ಅತ್ತೆ ನಾಚಿಕೊಳ್ಳುತ್ತಲೇ ಬಡಿಸುತ್ತಿದ್ದಳು. "ಒಂದು ತೊಟ್ಟು ಮಜ್ಜಿಗೆಗೂ ಗತಿ ಇಲ್ಲ ನೋಡವ್ವ, ನಿಮ್ಮಮ್ಮ ಏನಂತಾಳೋ" ಅನ್ನುತ್ತಿದ್ದಳು. ಆ ಮನೆಯಲ್ಲಿ ಯಾರೂ ನನ್ನ ಪಕ್ಕ ಎರಡನೆಯ ತಟ್ಟೆ ಇಡಲಿಲ್ಲ. ಮೊದಲ ದಿನಗಳಲ್ಲಿ ಅದಿಲ್ಲದೆ ಉಣ್ಣಲು ನನಗೇ ಹೆದರಿಕೆಯಾಗಿತ್ತು. ಅವಳು ಸಿಟ್ಟಾದರೆ?

ಸಿಟ್ಟಾಗಲಿಲ್ಲ. ಕೆಲವೇ ದಿನಗಳಲ್ಲಿ ಹೊಟ್ಟೆಯೊಳಗಿನ ಸದ್ದು ನಿಂತಿತು. ಬಾಯಿಯ ಹುಣ್ಣು ಮಾಯಿತು. ನಾನು ಓಡತೊಡಗಿದೆ. ಓಡುವುದೆಂದರೆ ಇಷ್ಟು ಸುಲಭ ಎಂದು ಗೊತ್ತೇ ಇರಲಿಲ್ಲ. ಮಾವನ ಮಕ್ಕಳ ಜೊತೆ ಗುಡ್ಡದ ಬುಡದವರೆಗೂ ಹೋಗಿ ಕಾರೆಹಣ್ಣು ಕಿತ್ತು ತಿಂದು ಬರುತ್ತಿದ್ದೆ. ಕೈಯ ಬಳೆಗಳು ಬಿಗಿಯಾಗಿ ಅತ್ತೆ ಸೋಪು ಹಚ್ಚಿ ತೆಗೆದಳು. ಮಳೆಗಾಲದ ಮೊದಲು ಕರೆದೊಯ್ಯಲು ಬಂದ ಅವ್ವ ನನ್ನನ್ನು ಗುರುತಿಸದೆ, "ನಮ್ಮ ಹುಡುಗಿ ಎಲ್ಲವ್ವಾ?" ಎಂದು ನನ್ನನ್ನೇ ಕೇಳಿದಳು. ಗುರುತು ಸಿಕ್ಕ ಮೇಲೆ ಅಲ್ಲೇ ದಾರಿಯಲ್ಲಿ ಕುಳಿತು ಅತ್ತಳು.

ಇಷ್ಟಾದ ಮೇಲಾದರೂ ತಟ್ಟೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಯಾರಾದರೂ ನೋಡಬೇಕಿತ್ತು. ನಮ್ಮವರು ನೋಡಿದ್ದು ರೈಲು ಹಳಿಯನ್ನು. ದೆವ್ವಕ್ಕೆ ಕಬ್ಬಿಣ ಕಂಡರೆ ಆಗುವುದಿಲ್ಲ. ಹಳಿ ಎಂದರೆ ಕಣ್ಣು ಹಾಯುವಷ್ಟು ದೂರ ಮಲಗಿಸಿದ ಕಬ್ಬಿಣ. ಅದನ್ನು ದಾಟಿ ಅವಳು ಬರಲಾರಳು! ಅಜ್ಜಿ ಇದನ್ನು ಕಂಡುಹಿಡಿದ ಖುಷಿಯಲ್ಲೇ ಕಾಯಿಲೆಯಿಂದ ಎದ್ದು ಕುಳಿತಳು. ಕಮ್ಮಾರನಿಂದ ಕಬ್ಬಿಣದ ಬಳೆ ಮಾಡಿಸಿ ನನ್ನ ಕೈಗೆ ಹಾಕಿದರು, ನಾನು ಮಲಗುವ ಕಡೆ ನೇಗಿಲಿನ ಹಳೆಯ ಗುಳ ಇಟ್ಟರು. ನನ್ನನ್ನು ಹಳಿಯ ಆಚೆಯೇ ಬಿಡೋಣವೆಂದು ಅವ್ವ ಕೇಳಿದಳು. ಮಗಳನ್ನು ಬಡವರ ಮನೆಯಲ್ಲಿ ಗಂಜಿಗೆ ಬಿಟ್ಟರು ಎಂದು ಊರು ಆಡಿಕೊಳ್ಳುತ್ತದೆ ಎಂದು ಅಪ್ಪ ಒಪ್ಪಲಿಲ್ಲ. ಆ ದಿನ ಸಂಜೆ ಅವ್ವ ಒಲೆಯ ಮುಂದೆ ತನಗೆ ತಾನೇ ಹೇಳಿಕೊಳ್ಳುವಂತೆ, "ಪಾಪ, ಅಕ್ಕಂಗೆ ತವರಿಗೆ ಹೋಗಾಕೂ ದಾರಿ ಇಲ್ಲ" ಅಂದದ್ದು ನನ್ನ ಕಿವಿಗೆ ಬಿತ್ತು. ಊರಿಗೆ ಬಂದ ಸಂತೋಷಕ್ಕೆ ಆ ವಾರವೇ ಹುಗ್ಗಿ ಮಾಡಿದರು. ದೊಡ್ಡವ್ವನೂ ವಾಪಸು ಬಂದಳು.

ಬೆಳೆಯುತ್ತಾ ಕಾಯಿಲೆ ರೂಪ ಬದಲಿಸಿತು. ಸಾಯುವಷ್ಟಲ್ಲ, ಬದುಕುವಷ್ಟೂ ಅಲ್ಲ. ಹೇಗೋ ಓದಿ ಹೊಸದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಡೀ ದಿನ ಕಾಣದವರ ದನಿ ಕೇಳುವ ಕೆಲಸ ನನ್ನಂಥವಳಿಗೆ ಯಾರು ಕೊಟ್ಟರೋ! ಅಡಿಕೆ ಮಂಡಿಯವರು, ಲಾರಿಯವರು, ಮಗಳ ಹೆರಿಗೆಯಾಯಿತೇ ಎಂದು ಕೂಗಿ ಕೇಳುವವರು. ಅವರೆಲ್ಲರ ನಡುವೆ ಒಮ್ಮೊಮ್ಮೆ ಯಾರೂ ಮಾತಾಡದ ಲೈನು ಸಿಗುತ್ತಿತ್ತು, ಸುಯ್ಯೆಂಬ ಸದ್ದು ಮಾತ್ರ. "ಯಾರು, ಮಾತಾಡಿ" ಎಂದು ನಾನು ಒಂದು ಸಲ ಕೇಳಿ ಬಿಟ್ಟುಬಿಡುತ್ತಿದ್ದೆ. ಎರಡನೆಯ ಸಲ ಕೇಳಿದರೆ ಉತ್ತರ ಬಂದೀತೆಂದು ಭಯ.

ಮದುವೆಯಾಗಿ ಹಿರಿಯೂರಿಗೆ ಹೋದೆ. ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯ ಮಂಚದ ಪಕ್ಕ ಕುಳಿತಿದ್ದ ಅವ್ವ ನನ್ನ ಕೈ ಸವರುತ್ತಾ, "ತನಗಿಲ್ಲದ್ದು ನಿನಗೂ ಬ್ಯಾಡ ಅಂತಾಳೆ ಅವಳು. ಒಡಹುಟ್ಟಿದೋಳು ಅಂತ ನೋಡ್ಲಿಲ್ಲ" ಅಂದಳು. ಅವ್ವನ ಬಾಯಲ್ಲಿ ಅಕ್ಕನ ಬಗ್ಗೆ ಅಂಥ ವಿಷ ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಪದೇ ಪದೇ ಕೇಳಿದೆ. ಮಕ್ಕಳಾಗಲಿಲ್ಲ. ನನ್ನ ಗಂಡ ಒಳ್ಳೆಯ ಮನುಷ್ಯ, ಆ ವಿಷಯ ಎತ್ತಲಿಲ್ಲ. ಅವ್ವ ಎತ್ತದ ದಿನವಿಲ್ಲ. ನಾನೂ ಆ ಸತ್ತವಳನ್ನು ಮನಸಾರೆ ಬೈದಿದ್ದೇನೆ. ಬೈಯಲು ಒಬ್ಬಳು ಇದ್ದದ್ದು ಒಂದು ಆಸರೆಯೂ ಆಗಿತ್ತು ಎಂದು ಈಗ ಅನ್ನಿಸುತ್ತದೆ.

ಐವತ್ತರ ಹತ್ತಿರ ಬಂದಾಗ ಮೂಳೆಗಳು ಸೋತವು, ರಕ್ತ ಸೋತಿತು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಬಾಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಡಾಕ್ಟರು ನನ್ನ ಅರ್ಧ ವಯಸ್ಸಿನ ಹೆಣ್ಣುಮಗಳು. ಗೋಧಿಯೊಳಗಿನ ಅಂಟು ನಿಮ್ಮ ಕರುಳಿನ ಒಳಮೈಯನ್ನು ಸವೆಸಿಬಿಟ್ಟಿದೆ, ಸವೆದ ಕರುಳಿಗೆ ಹಾಲೂ ಅರಗುವುದಿಲ್ಲ, ಇನ್ನು ಮೇಲೆ ಎರಡನ್ನೂ ಮುಟ್ಟಬೇಡಿ, ಮದ್ದು ಎಂದರೆ ಇಷ್ಟೇ ಎಂದಳು. ಇಷ್ಟೇ! ಆಮೇಲೆ ಕೇಳಿದಳು: "ಇದು ರಕ್ತಸಂಬಂಧದಲ್ಲಿ ಬರುತ್ತೆ. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ? ಚೆನ್ನಾಗಿ ಊಟ ಮಾಡಿದ್ರೂ ಸೊರಗೋದು, ಬಾಯಿ ಹುಣ್ಣು, ಗರ್ಭ ನಿಲ್ಲದೇ ಇರೋದು?"

ತಟ್ಟೆ ತುಂಬ ಉಣ್ಣೋಳು, ಮೈಯಾಗೆ ಹಿಡಿ ಮಾಂಸ ಇರ್ಲಿಲ್ಲ. ಅಜ್ಜಿ ಬದುಕಿನುದ್ದಕ್ಕೂ ಆಡಿದ ಮಾತನ್ನು ಈ ಹುಡುಗಿ ಕನ್ನಡಕ ಹಾಕಿಕೊಂಡು ಆಡುತ್ತಿದ್ದಳು. "ಇದ್ರು, ಅವ್ವನ ಅಕ್ಕ" ಎಂದೆ. ಅವಳು ತಲೆಯಾಡಿಸಿ ಮುಂದಿನ ರೋಗಿಯನ್ನು ಕರೆದಳು.

ವಾಪಸು ಬರುವ ಬಸ್ಸಿನಲ್ಲಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಭರಮಸಾಗರ ದಾಟುವ ಹೊತ್ತಿಗೆ ಅಳುತ್ತಿದ್ದೆ. ಯಾರಿಗಾಗಿ ಎಂದು ನನಗೇ ಗೊತ್ತಾಗಲಿಲ್ಲ. ಅರ್ಧ ಶತಮಾನ ಕಳ್ಳಿ ಎಂದು ಬೈಸಿಕೊಂಡವಳು ನನ್ನ ಹಾಗೆಯೇ ಒಬ್ಬ ರೋಗಿಷ್ಟೆ. ನಾವು ಅವಳನ್ನು ಸಮಾಧಾನ ಮಾಡಲೆಂದು ಅಮಾವಾಸ್ಯೆಗೊಮ್ಮೆ ಇಟ್ಟದ್ದು ಅವಳನ್ನು ಕೊಂದ ಅನ್ನವನ್ನೇ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಒಂದು ತೀರ್ಮಾನ ಮಾಡಿಕೊಂಡಿದ್ದೆ, ಅವ್ವನಿಗೆ ನನ್ನ ಕಾಯಿಲೆ ಮಾತ್ರ ಹೇಳಬೇಕು, ದೊಡ್ಡವ್ವನ ಮಾತು ಎತ್ತಬಾರದು. ಅಕ್ಕನನ್ನು ಕೊನೆಯವರೆಗೂ ನೋಡಿಕೊಂಡವಳು ಅವ್ವ. ಯಾರ ಕೈಯಿಂದ ಆ ಹುಗ್ಗಿ ಅವಳ ಬಾಯಿಗೆ ಹೋಗಿರಬಹುದು ಎಂದು ನಾನು ಕೇಳಲೇಬೇಕಿರಲಿಲ್ಲ.

ಆಗ ಅಪ್ಪ, ಅಜ್ಜಿ ತೀರಿಹೋಗಿ, ನಾವೂ ಹಿರಿಯೂರು ಬಿಟ್ಟು ಚಿತ್ರದುರ್ಗಕ್ಕೆ ಬಂದಿದ್ದೆವು, ಅವ್ವ ನಮ್ಮ ಜೊತೆಗೇ ಇದ್ದಳು. ತಾಳಿ ತೆಗೆದಿದ್ದರೂ ಅಕ್ಕನ ಪದಕವನ್ನು ಕಪ್ಪು ದಾರದಲ್ಲಿ ಕಟ್ಟಿಕೊಂಡಿದ್ದಳು. ನಾನು ವಿಷಯ ಹೇಳಿದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಲು ಗೋಧಿ ಇಲ್ದೆ ಸತ್ತೋರನ್ನ ನೋಡಿದ್ದೀನಿ. ಹಾಲು ಗೋಧಿಯಿಂದ ಸಾಯೋರನ್ನ ಎಲ್ಲೂ ಕಾಣೆ" ಅಂದಳು.

ಹಾಲು ಬೇಡ ಅನ್ನುವುದು ನಮ್ಮಲ್ಲಿ ಜಗಳಕ್ಕೆ ಕರೆದ ಹಾಗೆ. ಯಾರ ಮನೆಗೆ ಹೋದರೂ "ಕುಂತ್ಕಳ್ರಿ" ಎನ್ನುವ ಮೊದಲೇ ಒಲೆಯ ಮೇಲೆ ಕಾಫಿಯ ಹಾಲು ಏರುತ್ತದೆ. "ಒಂಚೂರಿಗೆ ಏನಾಗಲ್ಲ ಬಿಡ್ರಿ" ಎಂದು ನನಗೆ ಹೇಳದವರಿಲ್ಲ. ಮದುವೆ ಮನೆಗಳಲ್ಲಿ ಪೂರಿಯವನನ್ನು, ಹೋಳಿಗೆಯವನನ್ನು, ಪಾಯಸದವನನ್ನು ಕೈ ಅಡ್ಡ ಹಿಡಿದು ಕಳಿಸಿ, ಕೊನೆಗೆ ಅನ್ನ ತಿಳಿಸಾರು ಉಂಡು ಎದ್ದರೆ ಪಕ್ಕದವರು ಸಕ್ಕರೆ ಕಾಯಿಲೆಯೇ ಎಂದು ಕೇಳುತ್ತಿದ್ದರು. ಹೌದು ಅಂದುಬಿಡುತ್ತಿದ್ದೆ. ಅದು ಎಲ್ಲರಿಗೂ ಅರ್ಥವಾಗುತ್ತದೆ. ಮನೆಯಲ್ಲಿ ಮಾತ್ರ ನೆಮ್ಮದಿ. ಮುದ್ದೆ, ಜೋಳದ ರೊಟ್ಟಿ, ನವಣೆ, ಸೊಪ್ಪು, ಕಾಳು. ಮಾವನ ಮನೆಯ ಬಡವರ ಊಟ ಈಗ ಡಾಕ್ಟರ ಅಪ್ಪಣೆಯಾಗಿ ನನಗೆ ಬಂದಿತ್ತು. ರಾಮಗಿರಿಯ ಆ ಬೇಸಿಗೆಯ ಹಾಗೆ ಹೊಟ್ಟೆ ಮೆಲ್ಲಗೆ ಸುಮ್ಮನಾಯಿತು.

ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಮುದ್ದೆ ಸೊಪ್ಪಿನ ಸಾರು ಬಿಟ್ಟು ಬೇರೇನೂ ತಿನ್ನದಿದ್ದರೂ ಹೊಟ್ಟೆ ಬಿಗಿಯಿತು. ಮರುದಿನವೂ ಹಾಗೆಯೇ. ಮೂರನೆಯ ದಿನ ನಾನು ಮಂಚ ಹಿಡಿದೆ. ಅವ್ವ ಬಾಗಿಲಲ್ಲಿ ನಿಂತು, "ಗೋಧಿನೂ ಇಲ್ಲ, ಹಾಲೂ ಇಲ್ಲ. ಈಗೇನಂತಾರೆ ನಿಮ್ಮ ಡಾಕ್ಟ್ರು? ಬಂದವ್ಳೆ ಕಣೇ ಅವಳು" ಅಂದಳು. ಆ ಕ್ಷಣ ನನ್ನ ಓದು, ನೌಕರಿ, ಡಾಕ್ಟರ ಮಾತು ಎಲ್ಲ ಒಂದು ಕಡೆಯಾಯಿತು. ಬಟ್ಟಹಗಲಿನಲ್ಲಿ, ಪಕ್ಕದ ಮನೆಯ ರೇಡಿಯೋ ಕೇಳಿಸುತ್ತಿರುವಾಗ, ನನ್ನ ಹೊಟ್ಟೆಯೊಳಗೆ ಆ ಹೆಂಗಸು ಮಗ್ಗುಲು ಬದಲಿಸಿದಳು. ನಾನು ಹೊದಿಕೆಯೊಳಗೆ ಕೈಬಳೆ ಹುಡುಕಿದೆ. ಕಬ್ಬಿಣದ ಬಳೆ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಕಾರಣ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ನನ್ನ ಗಂಡ ರಾಗಿ ಬೀಸಿಸಲು ಹೋಗಿ, ತಮ್ಮ ಮುಂದೆ ಗೋಧಿ ಬೀಸುತ್ತಿದ್ದುದನ್ನು ನೋಡುತ್ತಾ ನಿಂತಿದ್ದರಂತೆ. ಗೋಧಿ ಮುಗಿಯುತ್ತಲೇ ಅದೇ ಬಾಯಿಗೆ ನಮ್ಮ ರಾಗಿ ಸುರಿದರು. ಕೆಳಗೆ ಮೊದಲು ಬಿದ್ದ ಹಿಟ್ಟು ಬೆಳ್ಳಗಿತ್ತು, ಆಮೇಲೆ ಕಂದಾಯಿತು. ಅದನ್ನು ನೋಡಿ ಅವರಿಗೆ ಹೊಳೆಯಿತು. ಅಂಗಡಿಯ ಇಂಗಿಗೂ ಮೈದಾ ಬೆರೆಸಿರುತ್ತಾರೆ ಎಂದು ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ನಾನು ಊರಿನಿಂದ ಹಳೆಯ ಬೀಸುಕಲ್ಲು ತರಿಸಿದೆ. ಇಂಗು ಬಿಟ್ಟು ಬೆಳ್ಳುಳ್ಳಿ ಹಿಡಿದೆ. ಮತ್ತೆ ಮೈ ಸುಧಾರಿಸಿತು. ಬೀಸುವಾಗ ಅವ್ವ ನನ್ನ ಎದುರು ಕುಳಿತು ಗೂಟಕ್ಕೆ ಕೈ ಕೊಡುತ್ತಿದ್ದಳು, ನನ್ನ ತೋಳು, ಕುತ್ತಿಗೆ, ಕೆನ್ನೆಯನ್ನೇ ನೋಡುತ್ತಿದ್ದಳು. ಒಂದು ದಿನ ಹಿಟ್ಟಿನ ಕೈಯಲ್ಲೇ ನನ್ನ ಮುಂಗೈ ಹಿಡಿದು ಅಮುಕಿ ನೋಡಿ, "ಮಾಂಸ ಬಂದೈತೆ" ಎಂದಳು. ಖುಷಿಯಿಂದ ಹೇಳಿದ ಹಾಗಿರಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಬೇರೆ ಅಮಾವಾಸ್ಯೆಗಳು ಕಾಲಕ್ರಮದಲ್ಲಿ ಬಿಟ್ಟುಹೋಗಿದ್ದರೂ ಈ ಒಂದು ದಿನದ ದೊಡ್ಡವ್ವನ ಎಡೆಯನ್ನು ಅವ್ವ ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದಾಗ ಮನೆಯೆಲ್ಲ ಹುಗ್ಗಿಯ ವಾಸನೆ. ಬೆಲ್ಲ, ಏಲಕ್ಕಿ, ಬೆಂದ ಗೋಧಿ. ಐವತ್ತು ವರ್ಷದ ನನ್ನ ಬಾಯಲ್ಲಿ ನೀರೂ ಬಂತು, ಹೊಟ್ಟೆಯಲ್ಲಿ ಭಯವೂ ಬಂತು. ಇವತ್ತು ಎಡೆ ಉಣ್ಣು ಎಂದು ಹಟ ಹಿಡಿದರೆ ಏನು ಹೇಳುವುದು ಎಂದು ಮಾತು ಕೂಡಿಸುತ್ತಾ ಅಡುಗೆಮನೆಗೆ ಹೋದೆ.

ಅವ್ವ ಮೂಲೆಯಲ್ಲಿ ಬಾಳೆ ಎಲೆ ಹಾಸಿದ್ದಳು. ಪಕ್ಕದಲ್ಲಿ ಹುಗ್ಗಿಯ ಪಾತ್ರೆ, ಹಾಲಿನ ತಂಬಿಗೆ. ಸೌಟು ಹಿಡಿದು ನಿಂತಿದ್ದಳು, ಬಡಿಸಿರಲಿಲ್ಲ.

"ನಿನಗೆ ಆಗದೆ ಇರೋದು ಅವಳಿಗೂ ಆಗ್ತಿರ್ಲಿಲ್ಲ, ಅಲ್ಲೇನೇ?" ಅಂದಳು.

ನಾನು ಸಿದ್ಧ ಮಾಡಿಕೊಂಡು ಬಂದ ಮಾತು ಇದಕ್ಕಲ್ಲ. "ಗೊತ್ತಿಲ್ಲವ್ವ. ಅವಳನ್ನ ಯಾವ ಡಾಕ್ಟ್ರು ನೋಡಿದ್ರು ಹೇಳು?" ಎಂದೆ.

"ಡಾಕ್ಟ್ರು ನೋಡ್ಲಿಲ್ಲ. ನಾನು ನೋಡ್ದೆ."

ಸೌಟನ್ನು ಪಾತ್ರೆಯ ಮೇಲಿಟ್ಟು ಅವಳು ಗೋಡೆಗೆ ಒರಗಿ ಕುಳಿತಳು. ನಾನು ಎದುರಿಗೆ ಕುಳಿತೆ. ಅವಳು ನನ್ನ ಮುಖ ನೋಡದೆ ಹೇಳಿದಳು.

"ರಾಗಿ ಗಂಜಿ ಕೊಡೇ ಅಂತ ಕೇಳೋಳು. ಉಪ್ಪು ಹಾಕಿ ತೆಳ್ಳಗೆ ಕಾಸಿ ಕೊಡೇ ಅಂತ ಕಾಲು ಹಿಡಿಯೋಳು. ನಿಮ್ಮಜ್ಜಿ ಬಿಡ್ಲಿಲ್ಲ. ಮನೇಲಿ ಗೋಧಿ ಇಟ್ಕಂಡು, ಎಮ್ಮೆ ಹಾಲು ಕರ್ಕಂಡು, ಸೊಸೆಗೆ ಗಂ‍ಜಿ ಕುಡಿಸಿ ಸಾಯಿಸಿದ್ರು ಅಂತ ತವರಿನೋರು ಅಂತಾರೆ ಅಂದ್ಲು. ನಾನೂ ತವರಿನೋಳೇ ಅಲ್ವಾ, ನನಗೂ ಹಂಗೇ ಅನ್ನಿಸ್ತು. ಅಕ್ಕ ಚೆನ್ನಾಗಾಗ್ಲಿ ಅಂತ ಹುಗ್ಗಿ ಕಿವುಚಿ, ಹಾಲು ಹಾಕ್ಕಂಡು ಹೋಗ್ತಿದ್ದೆ. ನನ್ನ ಕಾಲಿನ ಸಪ್ಪಳ ಕೇಳಿದ್ರೆ ಸಾಕು, ಗೋಡೆ ಕಡೆ ತಿರುಗಿ ಬಾಯಿ ಬಿಗಿ ಹಿಡಿಯೋಳು. ನಾನು ಮೂಗು ಹಿಡಿತಿದ್ದೆ. ಉಸಿರಿಗೆ ಬಾಯಿ ಬಿಡಲೇಬೇಕಲ್ಲ. ಬಿಟ್ಟಾಗ ಹಾಕೋದು. ಒಂದು ತುತ್ತೂ ಚೆಲ್ಲದಂಗೆ ಹಾಕ್ತಿದ್ದೆ."

"ನಿನಗಾಗ ಹದಿನೈದೋ ಹದಿನಾರೋ ವರ್ಷ ಅವ್ವ. ನಿನಗೇನು ಗೊತ್ತಿತ್ತು? ಯಾರಿಗೆ ಗೊತ್ತಿತ್ತು?" ಎಂದೆ. ಅದು ನಿಜವಾಗಿತ್ತು. ನಿಜ ಹೇಳಿದರೂ ಪ್ರಯೋಜನವಾಗದ ಹೊತ್ತು ಅದು. ನಾನು ಅವಳ ಕೈ ಹಿಡಿದುಕೊಂಡೆ. ಆ ಬೆರಳುಗಳು ನನ್ನ ಬಾಯಿಗೂ ಎಷ್ಟು ತುತ್ತು ಇಟ್ಟಿದ್ದವು. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಆದರೆ ಮೊದಲ ಸಲ ನನ್ನ ಕಣ್ಣಿಗೆ ದೊಡ್ಡವ್ವನ ಮುಖ ಕಂಡಿತು. ಹಸಿದು ಒಣಗಿದ ಕಳ್ಳಿಯ ಮುಖವಲ್ಲ. ಇಪ್ಪತ್ತು ದಾಟದ ಒಬ್ಬ ಹುಡುಗಿ, ಗೋಡೆಯ ಕಡೆ ತಿರುಗಿ, ತುಟಿ ಬಿಗಿಹಿಡಿದು ಮಲಗಿದ್ದಾಳೆ.

"ನಿನ್ನ ಊಟಕ್ಕೆ ಬರ್ತಾಳೆ, ಕಸ್ಕಂಡು ಉಣ್ತಾಳೆ ಅಂತ ಇಷ್ಟು ವರ್ಷ ಬೈದೆನಲ್ಲ" ಎಂದಳು ಅವ್ವ. "ಎಲ್ಲಿ ಬಂದಾಳು? ಬಡಿಸೋಳು ನಾನು. ನನ್ನ ಕೈಯಾಗೆ ತಟ್ಟೆ ಕಂಡ್ರೆ ಅವಳು ಹೆದರ್ಕಂಡು ಓಡಿಹೋಗಿರ್ತಾಳೆ."

ಹುಗ್ಗಿ ಆರಿ ಮೇಲೆ ಪೊರೆ ಕಟ್ಟಿತು. ನಾನು ಪಾತ್ರೆಯನ್ನೂ ಹಾಲನ್ನೂ ಎತ್ತಿ ಹೊರಗೆ ಇಟ್ಟು ಬಂದು, ಮೂಲೆಯ ಬಾಳೆ ಎಲೆ ಮಡಚಲು ಬಗ್ಗಿದೆ. ಅವ್ವ ನನ್ನ ಕೈ ತಡೆದಳು.

"ಎಲೆ ತೆಗೀಬ್ಯಾಡ" ಅಂದಳು. "ಏನೂ ಬಡಿಸಿಲ್ಲ ಅಂತ ಕಂಡ್ರೆ, ಒಂದು ಸಲ ಬಂದು ಕುಂತ್ಕಂಡಾಳು."